ಅಮ್ಮನಿಗೆ ವಾಂತಿಯಾಗದ ಕಾರು

ಹೋಟೆಲಿನಲ್ಲಿ ಮಾಣಿ ಬಂದು ಏನು ಬೇಕು ಎಂದು ಕೇಳಿದರೆ, ಏನೇನಿದೆ ಎಂದು ಅವನನ್ನೇ ಕೇಳಿ, ಅವನು ಒಂದೇ ಉಸಿರಿಗೆ ಹದಿನೆಂಟು ತಿಂಡಿಗಳ ಹೆಸರು ಹೇಳಿ ಸುಸ್ತಾದ ಮೇಲೆ, ಪಕ್ಕದ ಮೇಜಿನವರ ತಟ್ಟೆಯತ್ತ ಕೈ ತೋರಿಸಿ 'ಅದೇ ಕೊಡಿ' ಎನ್ನುವವರ ಗುಂಪಿಗೆ ಸೇರಿದವಳು ನಾನು. ತಿಂಡಿ ಬಂದ ಮೇಲೆ, ಛೆ, ಮಸಾಲೆ ದೋಸೆ ಹೇಳಬೇಕಿತ್ತು ಎಂದು ಕೊರಗುವುದೂ ಉಂಟು. ಚಪ್ಪಲಿ ಕೊಳ್ಳಲು ಗಾಂಧಿ ಬಜಾರಿಗೆ ಹೋದವಳು ಎರಡು ಗಂಟೆ ಸುತ್ತಿ, ಕೊನೆಗೆ ಹಳೆಯ ಚಪ್ಪಲಿಗೇ ಹೊಲಿಗೆ ಹಾಕಿಸಿಕೊಂಡು ಬಂದಿದ್ದೇನೆ. ಇಂಥವಳು ಓದುತ್ತಿರುವುದು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಏನೂ ಖಚಿತವಿಲ್ಲದಾಗ ಸರಿಯಾದ ನಿರ್ಧಾರ ಕೈಗೊಳ್ಳುವುದು ಹೇಗೆ ಎಂಬುದೇ ಈ ಶಾಸ್ತ್ರದ ತಿರುಳು ಎಂದು ನಮ್ಮ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ನನಗಾಗಿಯೇ ಹುಟ್ಟಿದ ಶಾಸ್ತ್ರ ಎಂದುಕೊಂಡು ಸೇರಿದೆ. ಎರಡನೆಯ ವರ್ಷಕ್ಕೆ ಬಂದರೂ ಬೆಳಿಗ್ಗೆ ಯಾವ ಚೂಡಿದಾರ ಹಾಕಿಕೊಳ್ಳಬೇಕೆಂದು ಅಮ್ಮನನ್ನೇ ಕೇಳುತ್ತೇನೆ. ಹೀಗಿರುವ ನಾನು ಹೋದ ವರ್ಷ ಕಾರು ಕೊಳ್ಳಲು ಹೊರಟೆ.

ಯಾಕೆ ಹೊರಟೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಶೋಕಿ ಎಂದುಕೊಳ್ಳುತ್ತೀರಿ. ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇರುವುದು ಭದ್ರಾವತಿಯಲ್ಲಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಅಮ್ಮನಿಗೆ ಬಸ್ಸು ಆಗುವುದಿಲ್ಲ. ಆಗುವುದಿಲ್ಲ ಎಂದರೆ ಸುಮ್ಮನೆ ತಲೆ ಸುತ್ತುವುದಲ್ಲ. ಬಸ್ ಸ್ಟ್ಯಾಂಡಿನ ಡೀಸೆಲ್ ವಾಸನೆಗೇ ಮುಖ ಬಿಳುಚಿಕೊಳ್ಳುತ್ತದೆ, ಕಂಡಕ್ಟರ್ ಸೀಟಿ ಊದಿದೊಡನೆ ಕಣ್ಣು ಮುಚ್ಚುತ್ತಾಳೆ, ದಾರಿಯ ನಡುವಿನ ಮಾಚೇನಹಳ್ಳಿ ಬರುವಷ್ಟರಲ್ಲಿ ಕಿಟಕಿಯಿಂದಾಚೆ ತಲೆ ಹಾಕಿರುತ್ತಾಳೆ. ಶುಂಠಿ, ನಿಂಬೆಹಣ್ಣು, ಮಾತ್ರೆ, ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂರುವುದು, ಎಲ್ಲವೂ ಆಗಿದೆ. ಒಂದು ಸಲ ಮಾತ್ರೆಯೇ ವಾಂತಿಯಾಗಿ ಹೊರಗೆ ಬಂತು. ಹೀಗಿರುವಾಗ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಳು. ಆಪರೇಷನ್ನಿನ ದಿನ ಅಮ್ಮ ಹಲ್ಲು ಕಚ್ಚಿಕೊಂಡು ಬಸ್ಸಿನಲ್ಲಿ ಹೋದಳು. ಹೋಗಿ, ಅದೇ ಆಸ್ಪತ್ರೆಯಲ್ಲಿ ತಾನೂ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದಳು. ಆಮೇಲೆ ದೊಡ್ಡಮ್ಮನೇ ಫೋನಿನಲ್ಲಿ, "ನೀನು ಬರ್ಬೇಡ ಕಣೇ, ನನ್ನ ಸೊಸೆ ಒಬ್ಬಳೇ ಇಬ್ಬರು ರೋಗಿಗಳನ್ನ ನೋಡ್ಕೊಳೋಕಾಗಲ್ಲ" ಎಂದು ಹೇಳಿಬಿಟ್ಟಳು. ನಾಲ್ಕು ತಿಂಗಳಿಂದ ಅಕ್ಕತಂಗಿಯರ ಮಾತುಕತೆ ಫೋನಿನಲ್ಲೇ ನಡೆಯುತ್ತಿತ್ತು. ಫೋನ್ ಇಟ್ಟ ಮೇಲೆ ಅಮ್ಮ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜಾಸ್ತಿ ಮಾಡುತ್ತಿದ್ದಳು. ಅವಳು ಅಳುವುದು ನನಗೆ ಕೇಳಬಾರದೆಂದು ಆ ಸದ್ದು. ಅದನ್ನು ಸಹಿಸಲಾಗದೆ ನಾನು ಕಾರಿನ ಯೋಚನೆಗೆ ಬಿದ್ದೆ.

ರೈಲಿಲ್ಲವೇ ಎಂದು ನೀವು ಕೇಳಬಹುದು. ಇದೆ. ರೈಲಿನಲ್ಲಿ ಅಮ್ಮನಿಗೆ ಏನೂ ಆಗುವುದೂ ಇಲ್ಲ. ಆದರೆ ಬೆಳಗಿನ ರೈಲು ಹೊರಡುವ ಹೊತ್ತಿಗೆ ಅಮ್ಮನ ಪೂಜೆ ಮುಗಿದಿರುವುದಿಲ್ಲ, ಪೂಜೆ ಮುಗಿಸಿ ಹೊರಟರೆ ರೈಲಿರುವುದಿಲ್ಲ. ದೇವರನ್ನು ಸ್ವಲ್ಪ ಬೇಗ ಎಬ್ಬಿಸು ಎಂದು ಸಲಹೆ ಕೊಟ್ಟು ಬೈಸಿಕೊಂಡಿದ್ದೇನೆ. ನನ್ನ ಸ್ಕೂಟರಿನ ಹಿಂದೆ ಗಾಂಧಿ ಬಜಾರಿನವರೆಗೆ ಕೂರುತ್ತಾಳೆ, ಹೈವೇಗೆ ಬರುವುದಿಲ್ಲ. ಟ್ಯಾಕ್ಸಿ ಮಾಡೋಣ ಎಂದರೆ, "ಬಾಡಿಗೆ ಕಾರಲ್ಲಿ ಹೋದ್ರೆ ನಾನು ಅಕ್ಕನ ಮುಖ ನೋಡ್ಲೋ, ಡ್ರೈವರ್ ಗಡಿಯಾರ ನೋಡ್ಕೊಳೋದನ್ನ ನೋಡ್ಲೋ" ಎನ್ನುತ್ತಾಳೆ. ಹಾಗಾದರೆ ಕಾರಿನಲ್ಲಿ ಅಮ್ಮನಿಗೆ ವಾಂತಿಯಾಗುವುದಿಲ್ಲವೇ? ಅದು ಇನ್ನೊಂದು ಗೊಂದಲ. ಪಕ್ಕದ ಮನೆಯವರ ಕಾರಿನಲ್ಲಿ ತೀರ್ಥಹಳ್ಳಿಗೆ ಹೋಗುವಾಗ ಆಯಿತು, ಬರುವಾಗ ಆಗಲಿಲ್ಲ. ಒಂದೇ ಕಾರು, ಒಂದೇ ದಾರಿ, ಒಬ್ಬಳೇ ಅಮ್ಮ. ಎರಡೇ ಎರಡು ಸಲದ ಅನುಭವದಿಂದ ಯಾವ ತೀರ್ಮಾನಕ್ಕೂ ಬರಬಾರದೆಂದು ನಮ್ಮ ಪಾಠದಲ್ಲಿದೆ. ಹೀಗಾಗಿ ನಾನು ಹುಡುಕಬೇಕಾಗಿದ್ದು ಬರೀ ಕಾರನ್ನಲ್ಲ, ಅಮ್ಮನಿಗೆ ವಾಂತಿಯಾಗದ ಕಾರನ್ನು.

ನನ್ನ ಬಳಿ ಇದ್ದದ್ದು ಒಂದು ಲಕ್ಷದ ಮೂವತ್ತು ಸಾವಿರ. ಪಿಯುಸಿ ಮಕ್ಕಳಿಗೆ ಮೂರು ವರ್ಷ ಗಣಿತದ ಟ್ಯೂಷನ್ ಹೇಳಿ ಕೂಡಿಟ್ಟದ್ದು, ಜೊತೆಗೆ ಒಂದಿಷ್ಟು ಸ್ಕಾಲರ್‌ಶಿಪ್. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಅಪ್ಪ ಈ ವಿಷಯದಲ್ಲಿ ಹೇಳಿದ್ದು ಒಂದೇ ಮಾತು, ಸಾಲ ಮಾಡಬೇಡ. ಆದರೂ ಕುತೂಹಲಕ್ಕೆ ಒಂದು ಹೊಸ ಕಾರಿನ ಷೋರೂಮಿಗೆ ಹೋದೆ. ಟೈ ಕಟ್ಟಿದ ಹುಡುಗ ಕಾಫಿ ಕೊಟ್ಟು, "ಮೇಡಂ, ನಿಮಗೆ ಮುಖ್ಯವಾಗಿ ಯಾವ ಫೀಚರ್ ಬೇಕು?" ಎಂದು ಕೇಳಿದ. ನಾನು ಪ್ರಾಮಾಣಿಕವಾಗಿ, "ಒಳಗೆ ಕೂತವರಿಗೆ ವಾಂತಿ ಬರಬಾರದು" ಎಂದೆ. ಅವನು ಒಳ್ಳೆಯ ಹುಡುಗ, ನಗಲಿಲ್ಲ. ಕೈಯಲ್ಲಿದ್ದ ಬಣ್ಣದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು, "ಟಾಪ್ ಮಾಡೆಲ್‌ನಲ್ಲಿ ಇರಬಹುದು ಮೇಡಂ" ಎಂದ. ಟಾಪ್ ಮಾಡೆಲ್‌ನ ಬೆಲೆ ಕೇಳಿದ ಮೇಲೆ ಕಾಫಿ ಪೂರ್ತಿ ಕುಡಿಯಲೂ ಸಂಕೋಚವಾಗಿ ಎದ್ದು ಬಂದೆ.

ಸೆಕೆಂಡ್ ಹ್ಯಾಂಡ್ ಕಾರು ಎಂದು ಗಟ್ಟಿಮಾಡಿಕೊಂಡೆ. ಅಷ್ಟು ಗಟ್ಟಿಯಾದದ್ದೇ ತಡ, ಸಲಹೆ ಕೊಡುವವರು ಸಾಲುಗಟ್ಟಿದರು. ಡೀಸೆಲ್ ಕಾರು ಬೇಡ, ವಾಸನೆಗೇ ವಾಂತಿ ಎಂದರು ಒಬ್ಬರು. ಪೆಟ್ರೋಲ್ ವಾಸನೆ ಅದಕ್ಕಿಂತ ಕೆಟ್ಟದ್ದು ಎಂದರು ಇನ್ನೊಬ್ಬರು. ಎತ್ತರದ ಕಾರಾದರೆ ದೂರದವರೆಗೆ ರಸ್ತೆ ಕಾಣುತ್ತದೆ, ಆಗ ಹೊಟ್ಟೆ ತೊಳಸುವುದಿಲ್ಲವಂತೆ. ಎತ್ತರದ ಕಾರು ಓಲಾಡುತ್ತದೆ, ಆದ್ದರಿಂದಲೇ ತೊಳಸುತ್ತದಂತೆ. ನನ್ನ ಟ್ಯೂಷನ್ನಿನ ಹುಡುಗಿಯೊಬ್ಬಳ ಅಜ್ಜಿಯಂತೂ, ಕೆಂಪು ಬಣ್ಣದ ಕಾರಿನಲ್ಲಿ ಪಿತ್ತ ಕೆರಳುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಇಷ್ಟನ್ನೂ ನಾನು ಒಂದು ನೋಟ್‌ಬುಕ್ಕಿನಲ್ಲಿ ಹನ್ನೆರಡು ಕಲಮುಗಳಾಗಿ ಬರೆದುಕೊಂಡು, ನೋಡಿದ ಒಂದೊಂದು ಕಾರಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕತೊಡಗಿದೆ. ವಾಸನೆಗೆ ದುಪ್ಪಟ್ಟು ಅಂಕ. ಅದಕ್ಕಾಗಿ ಯಾರ ಮನೆಗೆ ಹೋದರೂ ಇಂಜಿನ್ ನೋಡದೆ, ಟೈರ್ ನೋಡದೆ, ಮೊದಲು ಕಾರಿನ ಬಾಗಿಲು ತೆಗೆದು ಒಳಗೆ ಮೂಗು ತೂರಿಸುತ್ತಿದ್ದೆ. ಮಾರುವವರು ಗಾಬರಿಯಾಗಿ, "ಒಳಗೆ ಏನೂ ಸತ್ತಿಲ್ಲ ಮೇಡಂ" ಎನ್ನುತ್ತಿದ್ದರು. ಒಂಬತ್ತು ಕಾರುಗಳಾದ ಮೇಲೆ ಒಟ್ಟು ಅಂಕ ಕೂಡಿ ನೋಡಿದೆ. ಹೋಲಿಕೆಗೆಂದು 'ಕಾರೇ ಕೊಳ್ಳದಿರುವುದು' ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ, ಅದೇ ಮೊದಲ ಸ್ಥಾನದಲ್ಲಿತ್ತು.

ಕಾರು ಗೊತ್ತಿರುವವರನ್ನು ಕೇಳೋಣವೆಂದು ರಾಗಿಗುಡ್ಡದ ಹತ್ತಿರ ಗ್ಯಾರೇಜ್ ಇಟ್ಟಿರುವ ಇಕ್ಬಾಲ್ ಭಾಯ್ ಬಳಿಗೆ ಹೋದೆ. ನನ್ನ ಸ್ಕೂಟರಿನ ಕಷ್ಟಸುಖವೆಲ್ಲ ಅವರಿಗೇ ಗೊತ್ತು. ಅವರು ನನ್ನ ನೋಟ್‌ಬುಕ್ಕನ್ನು ಎಣ್ಣೆಗೈಯಲ್ಲಿ ಮುಟ್ಟದೆ ದೂರದಿಂದಲೇ ಓದಿದರು. "ನೋಡಮ್ಮಾ, ಗಾಡಿ ಅನ್ನೋದು ಬಿಲ್ಕುಲ್ ಸಿಂಪಲ್. ಸ್ಟಾರ್ಟ್ ಆಗ್ಬೇಕು, ನಿಲ್ಬೇಕು. ನೀನು ಬರ್ದಿರೋದ್ರಲ್ಲಿ ಎರಡೂ ಇಲ್ವಲ್ಲ" ಎಂದರು. ಹೌದು, ಬ್ರೇಕಿಗೆ ಕಲಮು ಇರಲಿಲ್ಲ. ಅಲ್ಲೇ ನಿಂತು ಹದಿಮೂರನೆಯದಾಗಿ ಬರೆದುಕೊಂಡೆ. "ಇಷ್ಟು ದುಡ್ಡಿಗೆ ಸಿಗೋ ಗಾಡಿ ಎಲ್ಲಾ ಒಂದೇ. ಯಾರ ಕೈಲಿತ್ತು ಅಂತ ನೋಡು. ಇಟ್ಕೊಂಡೋರ ಮನೆ ನೋಡಿದ್ರೆ ಗಾಡಿ ನೋಡಿದ ಹಾಗೆ" ಎಂದು ಹೇಳಿ, ಎರಡು ವಿಳಾಸ ಕೊಟ್ಟರು. ಒಂದು ನಮ್ಮ ವಿನೋಬನಗರದ್ದೇ, ಮತ್ತೊಂದು ಭದ್ರಾವತಿಯದು. ಎರಡನ್ನೂ ಒಂದೇ ದಿನ ನೋಡಿ ಮುಗಿಸೋಣವೆಂದು ಹೊರಟೆ. ಆ ದಿನ ಶುಕ್ರವಾರವಾಗಿತ್ತು ಎಂಬುದು ಆಗ ನನ್ನ ಲೆಕ್ಕದಲ್ಲಿರಲಿಲ್ಲ.

ಬೆಳಿಗ್ಗೆ ಹೋಗಿದ್ದು ಅಡಿಕೆ ಮಂಡಿಯವರ ಮನೆಗೆ. ಯಜಮಾನರು ಮಂಡಿಗೆ ಹೋಗಿದ್ದರು. ಹಣೆತುಂಬ ವಿಭೂತಿ ಹಚ್ಚಿದ್ದ ಅವರ ಹೆಂಡತಿ ಗಿರಿಜಮ್ಮ ಕೆಂಪು ಕಾರನ್ನು ತೋರಿಸಿ, ಅವಲಕ್ಕಿ ಕೊಟ್ಟು, ಮಗಳ ಬಾಣಂತನದ ಕಥೆ ಹೇಳಿ, ಹೊರಡುವಾಗ, "ಶುಕ್ರವಾರ ಹೆಣ್ಣುಮಗು ಬರಿಗೈಲಿ ಹೋಗ್ಬಾರ್ದು ಮಾರಾಯ್ತಿ" ಎಂದು ಕುಂಕುಮವಿಟ್ಟು, ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟರು. ಕೈಯೊಡ್ಡಿ ತೆಗೆದುಕೊಂಡೆ. ಮಧ್ಯಾಹ್ನ ಭದ್ರಾವತಿ. ಕಾರ್ಖಾನೆಯಲ್ಲಿ ಲೇತ್ ಮಿಷನ್ ನಡೆಸುತ್ತಿದ್ದು ಈಗ ನಿವೃತ್ತರಾಗಿರುವ ಪಳನಿ ಮೇಸ್ತ್ರಿಗಳ ಮನೆ. "ವಾಮ್ಮಾ, ಒಳಗೆ ಬಾ. ವಂಡಿ ಎಲ್ಲೂ ಓಡಿಹೋಗಲ್ಲ" ಎಂದು ತಮಿಳು ಬೆರೆತ ಕನ್ನಡದಲ್ಲಿ ಕರೆದು ಕೂರಿಸಿದರು. ಅವರ ಬೂದು ಬಣ್ಣದ ಪುಟ್ಟ ಕಾರಿಗೆ ಹೆಂಡತಿ ಸೆಲ್ವಿಯಮ್ಮ ಹಳೆಯ ಸೀರೆಗಳಿಂದ ಗವಸು ಹೊಲಿದು ಹೊದಿಸಿದ್ದರು. ಗೋಡೆಯ ಮೇಲೆ ಯಾವ ತಿಂಗಳು ಯಾವ ಟೈರಿಗೆ ಎಷ್ಟು ಗಾಳಿ ಹಾಕಿಸಿದ್ದು ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಒಳಗೆ ಮೂಗು ತೂರಿಸಿದರೆ ವಿಭೂತಿ ಮತ್ತು ಕರ್ಪೂರದ ವಾಸನೆ. ಎಸಿ ಇದೆಯೇ ಎಂದು ಕೇಳಿದೆ. "ಇದೆ. ಸುಮ್ನೆ ಇದೆ" ಎಂದರು ಮೇಸ್ತ್ರಿಗಳು. ಈ ಪ್ರಾಮಾಣಿಕತೆಗೆ ಯಾವ ಕಲಮಿನಲ್ಲಿ ಅಂಕ ಕೊಡುವುದೋ ತಿಳಿಯಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದಾಗ, ಸೆಲ್ವಿಯಮ್ಮ ನನಗೆ ಕುಂಕುಮವಿಟ್ಟು, ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಹಸಿರು ಬ್ಲೌಸ್ ಪೀಸೊಂದನ್ನು, "ಅಮ್ಮಾಗೆ ಕೊಡು ಕಣ್ಣು" ಎಂದು ತಮಿಳರ ರೀತಿಯಲ್ಲಿ ಮುದ್ದಾಗಿ ಕರೆದು ಕೈಗಿಟ್ಟರು.

ಮನೆಗೆ ಬಂದು ಚೀಲ ಬಿಚ್ಚಿದಾಗ ಅಪ್ಪ ಅಲ್ಲೇ ಕೂತಿದ್ದರು. ಯಾರು ಕೊಟ್ಟಿದ್ದು ಎಂದು ಕೇಳಿದರು. ಕಾರಿನವರು ಎಂದೆ. "ಇಬ್ಬರೂನಾ?" ಇಬ್ಬರೂ ಎಂದೆ. ಅಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಅದು ಅವರು ತರಗತಿಯಲ್ಲಿ ನಪಾಸಾದವರ ಹೆಸರು ಓದುವ ಮುಂಚೆ ಮಾಡುತ್ತಿದ್ದ ಕೆಲಸ.

"ವ್ಯವಹಾರ ಮಾತಾಡೋಕೆ ಹೋದ ಮನೇಲಿ ತಾಂಬೂಲ ತಗೊಂಡ್ರೆ ಏನರ್ಥ ಗೊತ್ತೇನಮ್ಮ? ಮಾತು ಮುಗೀತು ಅಂತ. ಮದುವೆಗೆ ಹುಡುಗಿ ಗೊತ್ತುಮಾಡೋದೂ ಹಾಗೇ, ದನ ಕೊಳ್ಳೋದೂ ಹಾಗೇ. ನೀನು ಒಂದೇ ದಿನ ಎರಡು ಕಡೆ ಮಾತು ಕೊಟ್ಟು ಬಂದಿದ್ದೀಯ."

"ಅಯ್ಯೋ, ಶುಕ್ರವಾರ ಮನೆಗೆ ಬಂದ ಹುಡುಗಿ ಅಂತ ಕೊಟ್ಟಿರ್ತಾರೆ ರೀ" ಎಂದಳು ಅಮ್ಮ.

"ಇರಬಹುದು. ಇಲ್ಲದೆಯೂ ಇರಬಹುದು" ಎಂದರು ಅಪ್ಪ.

ಎರಡು ಸಾಧ್ಯತೆಗಳಿದ್ದರೆ ಹೆಚ್ಚು ಕೆಟ್ಟದ್ದನ್ನೇ ನಂಬುವುದು ನನ್ನ ಸ್ವಭಾವ. ಒಂದು ಕಾರು ಕೊಳ್ಳಲಾಗದವಳು ಎರಡು ಕಾರುಗಳಿಗೆ ಮಾತು ಕೊಟ್ಟುಬಿಟ್ಟೆನಲ್ಲ ಎಂದುಕೊಂಡೆ. ಮಾರನೆಯ ದಿನ ಗಿರಿಜಮ್ಮನವರಿಗೆ ಫೋನ್ ಮಾಡಿ, "ಆಂಟಿ, ಆ ತೆಂಗಿನಕಾಯಿ ಇನ್ನೂ ಒಡೆದಿಲ್ಲ, ವಾಪಸ್ ತಂದುಕೊಡ್ಲಾ?" ಎಂದು ಕೇಳಿದೆ. "ಯಾಕೆ ಮಾರಾಯ್ತಿ, ಕೊಳೆತಿತ್ತಾ?" ಎಂದರು. ಕಾಯಿ ಚೆನ್ನಾಗಿದೆ, ಕಾರಿನ ವಿಷಯ ಎಂದೆ. "ಕಾರು ನಿನ್ನೆ ಸಾಯಂಕಾಲಾನೇ ನಮ್ಮ ಮೈದುನರಿಗೆ ಕೊಟ್ಟಾಯ್ತಲ್ಲ. ಕಾಯಿ ಕೊಳೆತಿದ್ರೆ ಹೇಳು, ಬೇರೆ ಕೊಡ್ತೀನಿ" ಎಂದು ಫೋನ್ ಇಟ್ಟರು. ಬುದ್ಧಿ ಇರುವವಳು ಅಷ್ಟಕ್ಕೇ ಅರ್ಥ ಮಾಡಿಕೊಳ್ಳಬೇಕಿತ್ತು. ಆದರೆ ಭದ್ರಾವತಿಯವರ ಪದ್ಧತಿ ಬೇರೆ ಇರಬಹುದಲ್ಲ, ನನ್ನನ್ನು ನಂಬಿ ಬೇರೆ ಗಿರಾಕಿಯನ್ನು ವಾಪಸ್ ಕಳಿಸಿರಬಹುದಲ್ಲ ಎಂದೆಲ್ಲ ಯೋಚಿಸಿ, ಬ್ಲೌಸ್ ಪೀಸನ್ನು ಇಸ್ತ್ರಿ ಮಾಡಿ ಮಡಿಸಿಕೊಂಡು ಬಸ್ಸು ಹತ್ತಿದೆ.

ಬಾಗಿಲು ತೆಗೆದ ಸೆಲ್ವಿಯಮ್ಮನ ಕೈಗೆ ಅದನ್ನು ಇಟ್ಟೆ. ಅವರು ಒಮ್ಮೆ ಬಟ್ಟೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. ಮುಖ ಬಾಡಿಹೋಯಿತು. "ಕುಂಕುಮದ ಜೊತೆ ಕೊಟ್ಟಿದ್ದು ತಿರುಗಿ ತಂದಿದ್ದೀಯಲ್ಲ ಕಣ್ಣು" ಎಂದವರು, ದನಿ ತಗ್ಗಿಸಿ, "ಅಪ್ಪಾ ಚೆನ್ನಾಗಿದ್ದಾರಾ?" ಎಂದು ಕೇಳಿದರು. ಮುತ್ತೈದೆಗೆಂದು ಕೊಟ್ಟ ರವಿಕೆ ಕಣ ಹಿಂದಕ್ಕೆ ಬರುವುದಕ್ಕೆ ಅವರಿಗೆ ತಿಳಿದಿದ್ದ ಕಾರಣ ಅದೊಂದೇ. ಅಪ್ಪ ಚೆನ್ನಾಗಿದ್ದಾರೆ, ಈಗ ತಾನೇ ಎರಡು ಲೋಟ ಕಾಫಿ ಕುಡಿದರು ಎಂದೆ. "ಮತ್ತೆ ಯಾಕೆ?" ಎಂದರು ಒಳಗಿನಿಂದ ಬಂದ ಮೇಸ್ತ್ರಿಗಳು. ಇಬ್ಬರೂ ನನ್ನ ಉತ್ತರಕ್ಕಾಗಿ ಕಾಯುತ್ತ ನಿಂತರು. ಅಪ್ಪನನ್ನು ಅವರ ಮನಸ್ಸಿನಲ್ಲಿ ಸಾಯಿಸಿದ ಪಾಪ ಕಳೆದುಕೊಳ್ಳುವ ದಾರಿ ಹೊಳೆಯದೆ, "ಅದು ಬ್ಯಾಗಲ್ಲೇ ಉಳ್ಕೊಂಡಿತ್ತು. ನಾನು ಕಾರು ತಗೊಳೋಕೆ ಬಂದೆ" ಎಂದುಬಿಟ್ಟೆ.

ಹೀಗೆ ಹದಿಮೂರು ಕಲಮುಗಳಲ್ಲಿ ಒಂದು ತಿಂಗಳು ಕೂಡಿ ಕಳೆದರೂ ಆಗದ ತೀರ್ಮಾನ ಒಂದು ನಿಮಿಷದಲ್ಲಿ ಆಯಿತು. ಒಂದು ಲಕ್ಷದ ನಲವತ್ತು ಎಂದಿದ್ದ ಮೇಸ್ತ್ರಿಗಳು ನನ್ನ ಬಳಿ ಇದ್ದಷ್ಟಕ್ಕೇ ಒಪ್ಪಿಕೊಂಡರು. ಸೆಲ್ವಿಯಮ್ಮ ಬ್ಲೌಸ್ ಪೀಸನ್ನು ಎರಡನೆಯ ಸಲ ನನ್ನ ಕೈಗಿಟ್ಟರು. ಕಾಗದಪತ್ರವೆಲ್ಲ ಮುಗಿದ ದಿನ ಕೀಲಿಕೈ ಕೊಡುವ ಮುಂಚೆ ಮೇಸ್ತ್ರಿಗಳು, "ಲೈಸೆನ್ಸ್ ಇದ್ಯಾಮ್ಮಾ?" ಎಂದು ಕೇಳಿದರು. ಇದೆ ಎಂದೆ. "ಓಡಿಸೋಕೆ ಬರುತ್ತಾ?" ಎಂದು ಕೇಳಿದರು. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದು ತಿಳಿದಿದ್ದ ಮನುಷ್ಯ. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಿದ್ದೇನೆ ಎಂದೆ. ಅಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು ಮತ್ತು ಅದನ್ನು ನಾನಲ್ಲ, ಅವರೇ ಒತ್ತುತ್ತಿದ್ದರು ಎಂಬುದನ್ನು ಹೇಳಲಿಲ್ಲ. ಕಾರನ್ನು ಶಿವಮೊಗ್ಗಕ್ಕೆ ಅವರೇ ತಂದು ನಿಲ್ಲಿಸಿ ಹೋದರು.

ಭಾನುವಾರ ಪೂಜೆ ಮುಗಿಸಿ, ಅಕ್ಕನಿಗೆ ಇಷ್ಟವೆಂದು ಮಾಡಿದ ಗೊಜ್ಜವಲಕ್ಕಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಕೆಳಗೆ ನ್ಯೂಸ್‌ಪೇಪರ್, ಕೈಯಲ್ಲಿ ಪ್ಲಾಸ್ಟಿಕ್ ಕವರ್. ನಮ್ಮ ರಸ್ತೆಯ ತಿರುವಿನಲ್ಲೇ ಕಾರು ಎರಡು ಸಲ ಆಫ್ ಆಯಿತು. ಸರ್ಕಲ್ಲಿನಲ್ಲಿ ನಾನು ಹಾಕಬೇಕೆಂದಿದ್ದ ಗೇರು ಒಂದು, ಬಿದ್ದದ್ದು ಇನ್ನೊಂದು. ಹಿಂದಿನ ಆಟೋದವನು ಏನೋ ಅಂದ, ಹಾರ್ನ್ ಸದ್ದಿನಲ್ಲಿ ಕೇಳಿಸಲಿಲ್ಲ. ಹೈವೇಯಲ್ಲಿ ಲಾರಿಯೊಂದು ಪಕ್ಕದಲ್ಲಿ ಬಂದಾಗ ನಾನು ಸ್ಟಿಯರಿಂಗ್ ಹಿಡಿದುಕೊಂಡೆ ಎನ್ನುವುದಕ್ಕಿಂತ ತಬ್ಬಿಕೊಂಡೆ ಎನ್ನಬೇಕು. ರೋಡ್ ಹಂಪುಗಳು ಹತ್ತಿರ ಬಂದ ಮೇಲೆ ಕಾಣುತ್ತಿದ್ದವು, ಕೆಲವು ದಾಟಿದ ಮೇಲೆ ಕಂಡವು. ಮಾಚೇನಹಳ್ಳಿ ಬಂತು. ಓರೆಗಣ್ಣಿನಲ್ಲಿ ಅಮ್ಮನನ್ನು ನೋಡಿದೆ. ಕಣ್ಣು ಅಗಲವಾಗಿ ತೆರೆದಿತ್ತು, ತುಟಿ ಅಲುಗುತ್ತಿತ್ತು, ವಾಂತಿಯ ಸುಳಿವಿಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ಭದ್ರಾವತಿ ಮುಟ್ಟಿದೆವು. ಕವರ್ ಮಡಿಸಿದ ಹಾಗೆಯೇ ಇತ್ತು.

ದೊಡ್ಡಮ್ಮ ವಾಕರ್ ಹಿಡಿದುಕೊಂಡು ಬಾಗಿಲಿಗೇ ಬಂದು ನಿಂತಿದ್ದಳು. "ಎಷ್ಟು ಸೊರಗಿದ್ದೀಯಲ್ಲೇ ಅಕ್ಕ" ಎಂದಳು ಅಮ್ಮ. "ನೀನು ದಪ್ಪ ಆಗಿದ್ದೀಯ ಬಿಡು" ಎಂದಳು ದೊಡ್ಡಮ್ಮ. ಆಮೇಲೆ ಇಬ್ಬರೂ ಮಂಚದ ಮೇಲೆ ಕೂತು, ಅಮ್ಮ ಅಕ್ಕನ ಕಾಲನ್ನು ನೀವುತ್ತಿದ್ದುದನ್ನು ನೋಡಿ ನನಗೆ ಅಳು ಬಂತು. ಜಗುಲಿಗೆ ಬಂದು ಕಣ್ಣೊರೆಸಿಕೊಂಡು, ನೋಟ್‌ಬುಕ್ ತೆಗೆದೆ. ಅಳುವಿನ ಜೊತೆಗೆ ಹೆಮ್ಮೆಯೂ ಇತ್ತು. ಅಮ್ಮನಿಗೆ ವಾಂತಿಯಾಗದಿದ್ದದ್ದು ಯಾವ ಗುಣದಿಂದ? ಪೆಟ್ರೋಲ್ ಆಗಿದ್ದರಿಂದಲೋ, ಸೀಟಿನ ಎತ್ತರದಿಂದಲೋ, ಕರ್ಪೂರದ ವಾಸನೆಯಿಂದಲೋ? ಕರ್ಪೂರಕ್ಕೆ ಹತ್ತಕ್ಕೆ ಹತ್ತು ಹಾಕುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ ಕೇಳಿಸಿತು.

"ವಾಂತೀನಾ? ಅದಕ್ಕೆ ಪುರುಸೊತ್ತೆಲ್ಲಿತ್ತು ಅಕ್ಕ? ಈ ಹುಡುಗಿ ಓಡಿಸೋದು ನೋಡಿ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ಸಹಸ್ರನಾಮ ಎರಡು ಸಲ ಮುಗೀತು. ಮಾಚೇನಹಳ್ಳಿ ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ."

ದೊಡ್ಡಮ್ಮ ನಗತೊಡಗಿದಳು. ನಡುವೆ ನಡುವೆ, "ನಗಿಸ್ಬೇಡ್ವೇ, ಸೊಂಟ ನೋಯುತ್ತೆ" ಎನ್ನುತ್ತಿದ್ದಳು. ಆ ಮನೆಯಲ್ಲಿ ದೊಡ್ಡಮ್ಮ ಹಾಗೆ ನಕ್ಕು ನಾಲ್ಕೈದು ತಿಂಗಳಾಗಿತ್ತೆಂದು ಅವಳ ಸೊಸೆ ಬಂದು ನನಗೆ ಹೇಳಿದಳು.

ಈಗ ಪ್ರತಿ ಭಾನುವಾರ ಹೋಗುತ್ತೇವೆ. ತಮ್ಮ ಹಳೆಯ ಕಾರು ಕುಪ್ಪಳಿಸಿಕೊಂಡು ಹೋಗುವುದನ್ನು ಒಮ್ಮೆ ಕಣ್ಣಾರೆ ಕಂಡ ಪಳನಿ ಮೇಸ್ತ್ರಿಗಳು, ದುಡ್ಡೇನೂ ಬೇಡ, ನಾನೇ ಸರಿಯಾಗಿ ಓಡಿಸಲು ಕಲಿಸಿಕೊಡುತ್ತೇನೆ ಎಂದಿದ್ದಾರೆ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೇನೆ. ಆದರೆ ಅವರು ಕಲಿಸದಿದ್ದರೂ ವಾರವಾರವೂ ಓಡಿಸಿ ನನ್ನ ಕೈ ಪಳಗುತ್ತಿದೆ. ಹೋದ ಭಾನುವಾರ ಕಾರು ಒಮ್ಮೆಯೂ ಆಫ್ ಆಗಲಿಲ್ಲ, ಗೇರು ಹಾಕಿದ್ದೇ ಬಿತ್ತು, ಹಂಪುಗಳೆಲ್ಲ ಮೊದಲೇ ಕಂಡವು. ಮಾಚೇನಹಳ್ಳಿ ಹತ್ತಿರ ಬರುವಾಗ ಅಮ್ಮನ ತುಟಿ ಅಲುಗುವುದು ನಿಂತಿತ್ತು. ಸೀಟಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ, "ಶುಭಾ, ಆ ಕವರ್ ಎಲ್ಲಿಟ್ಟೆ?" ಎಂದಳು. ನಾನು ಕವರ್ ಹುಡುಕಲಿಲ್ಲ. ಮುಂದಿನ ಹಂಪಿನ ಮೇಲೆ, ಅದನ್ನು ಕಾಣದವಳಂತೆ ಕಾರು ಹಾರಿಸಿದೆ. ಅಮ್ಮ ಥಟ್ಟನೆ ಕಣ್ಣು ಬಿಟ್ಟು, ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು, ಸಹಸ್ರನಾಮವನ್ನು ಮೊದಲಿನಿಂದ ಶುರು ಮಾಡಿದಳು. ಭದ್ರಾವತಿಯವರೆಗೆ ಕವರಿನ ಮಾತೆತ್ತಲಿಲ್ಲ. ಮೇಸ್ತ್ರಿಗಳಿಗೆ ಏನು ಹೇಳಬೇಕೋ ನನಗೆ ಇನ್ನೂ ತಿಳಿಯುತ್ತಿಲ್ಲ.